ಬುಟ್ಟಿ ತುಂಬ ಸೀತಾಫಲ

ಹಾಲಹರವಿ
೧೨-೧೦-೧೯೩೮

ಆದವಾನಿಯಲ್ಲಿರುವ ನಮ್ಮವರ ಪಾದಗಳಿಗೆ ಪ್ರೇಮಾಳ ನಮಸ್ಕಾರಗಳು.

ತವರಿನಲ್ಲಿ ಎಲ್ಲರೂ ಕ್ಷೇಮ. ನೀವು ಕಳಿಸಿದ ಸೀತಾಫಲದ ಬುಟ್ಟಿ ಇವತ್ತೂ ಬಂತು. ಬಂಡಿಯ ಸುಂಕಪ್ಪ ಪಡಸಾಲೆಯಲ್ಲಿ ಇಳಿಸಿದ. ವಾರ ವಾರವೂ ಬುಟ್ಟಿ ಬರುತ್ತದೆ, ಜೊತೆಗೆ ಒಂದು ಸಾಲಿನ ಕಾಗದ ಬರುವುದಿಲ್ಲ. ನಾನು ಕೇಳಿದ್ದು ಹಣ್ಣನ್ನಲ್ಲ.

ಅಪ್ಪನಿಗಂತೂ ಹಬ್ಬ. ಕಾಯಿಗಳನ್ನು ಜೋಳದ ಚೀಲದಲ್ಲಿ ಹೂತಿಟ್ಟು, ಬೆಳಗಾದರೆ ಹೆಬ್ಬೆರಳಿನಿಂದ ಒತ್ತಿ ನೋಡುತ್ತಾರೆ. ಮೆತ್ತಗಾದದ್ದನ್ನು ಎರಡು ಹೋಳು ಮಾಡಿ, ತೊಳೆ ತೊಳೆಯಾಗಿ ಚೀಪಿ, ಬೀಜವನ್ನು ಅಂಗಳಕ್ಕೆ ಉಗುಳುತ್ತ, "ಅಳಿಯಂದ್ರು ಭಾಳ ಛಲೋ ಮನುಷ್ಯ ನೋಡವಾ" ಎನ್ನುತ್ತಾರೆ.

ಹೋದ ವರ್ಷ ಇದೇ ದಿನಗಳಲ್ಲಿ ನಾನು ಬಸುರಿ. ಅನ್ನ ಸೇರುತ್ತಿರಲಿಲ್ಲ, ಸೀತಾಫಲದ ಬಯಕೆ. ಬಸುರಿಗೆ ಅದು ಥಂಡಿ ಎಂದು ಅತ್ತೆಯವರು ಮುಟ್ಟಗೊಡಲಿಲ್ಲ. ಹಿತ್ತಲಿನ ಗಿಡದಿಂದ ಹಣ್ಣು ಕಿತ್ತು, ಅಂಗವಸ್ತ್ರದಲ್ಲಿ ಮುಚ್ಚಿ ತಂದು, "ತಿನ್ನು, ಅಮ್ಮಗ ನಾ ಹೇಳ್ತೀನಿ" ಎಂದವರು ನೀವು. ಆಮೇಲೆ ಕೂಸು ಉಳಿಯಲಿಲ್ಲ. ನೆಂಟರೆದುರು ಅತ್ತೆಯವರು, "ಬಾಯಿ ಚಪಲಕ್ಕ ಕದ್ದು ತಿಂದು ಕೂಸಿನ್ನ ಕಳಕೊಂಡ್ಲು" ಎಂದಾಗ ನೀವು ಬಾಗಿಲಲ್ಲೇ ನಿಂತಿದ್ದಿರಿ. ಏನೂ ಹೇಳದೆ ಚಪ್ಪಲಿ ಮೆಟ್ಟಿಕೊಂಡು ಕಚೇರಿಗೆ ಹೋದಿರಿ. ನಾನು ತವರಿನ ದಾರಿ ಹಿಡಿದೆ.

ಹಣ್ಣಿನಿಂದಲೇ ಹಾಗಾಯಿತೆಂದು ಡಾಕ್ಟರರೂ ಹೇಳಲಿಲ್ಲ. ಕೂಸು ಹೋದದ್ದಕ್ಕೆ ನಿಮ್ಮನ್ನು ದೂರುವುದಿಲ್ಲ. ಇವಳು ಕದಿಯಲಿಲ್ಲ ಎಂಬ ಒಂದು ಮಾತು ನಿಮ್ಮ ಬಾಯಿಂದ ಬರಬೇಕಿತ್ತು. ಅದನ್ನೇ ಕೇಳಿ ಎಷ್ಟು ಕಾಗದ ಬರೆದೆ. ನೀವು ಬುಟ್ಟಿ ಕಳಿಸುತ್ತೀರಿ. ಅದನ್ನು ಕಂಡರೆ ಮೈ ಉರಿಯುತ್ತದೆ. ಒಂದು ಹಣ್ಣನ್ನೂ ನಾನು ಮುಟ್ಟಿಲ್ಲ. ಇನ್ನು ಕಳಿಸಬೇಡಿರಿ.

ಇಂತಿ,
ಉತ್ತರಕ್ಕೆ ಕಾದು ಬೇಸತ್ತ
ಪ್ರೇಮಾಬಾಯಿ

ತಾ.ಕ.: ಈ ಕಾಗದವನ್ನು ಸುಂಕಪ್ಪನ ಕೈಗೆ ಕೊಡಲು ಹೋದಾಗ, ಇನ್ನು ಹಣ್ಣು ತರಬೇಡವೆಂದು ಅವನಿಗೂ ಹೇಳಿದೆ. ಅವನು ತಲೆ ಕೆರೆದುಕೊಂಡು, "ನಿಮ್ಮ ಯಜಮಾನ್ರು ಎಲ್ಲಿ ಕೊಟ್ಟಾರ್ರಿ? ನಿಮ್ಮತ್ತಿ, ದೊಡ್ಡಮ್ಮಾರು, ತಾವೇ ಗಿಡದಾಗ ಆರಿಸಿ ಕೊಡ್ತಾರ. 'ನನ್ನ ಹೆಸರು ಹೇಳಬ್ಯಾಡ, ಹೇಳಿದ್ರ ಆಕಿ ತಿನ್ನಂಗಿಲ್ಲ' ಅಂದಾರ" ಎಂದ. ಹಾಗಾದರೆ ಹಣ್ಣೂ ನಿಮ್ಮದಲ್ಲ. ಒಳಗೆ ಬಂದು ಒಂದನ್ನು ಬಿಡಿಸಿ ತಿಂದೆ. ಬಹಳ ಸಿಹಿಯಾಗಿತ್ತು. ಬರುವ ವಾರ ಅವನ ಬಂಡಿಯಲ್ಲೇ ಅತ್ತೆಯವರ ಹತ್ತಿರ ಬರುತ್ತೇನೆ. ಹೋದ ವರ್ಷ ನನಗೆ ಹಣ್ಣು ಕಿತ್ತು ತಂದವರು ಯಾರೆಂದು ಅಷ್ಟರಲ್ಲಿ ನೀವೇ ಅವರಿಗೆ ಹೇಳಿರಿ. ಹೇಳದಿದ್ದರೆ ನಾನು ಹೇಳುತ್ತೇನೆ.