ಹಳೇ ಆಸ್ಪತ್ರೆ ಖಾಲಿ ಮಾಡಿದ ತಿಂಗಳು

ಮಾರ್ಚ್ ೩, ಸಂಜೆ

ಲಿಫ್ಟ್ ಮತ್ತೆ ನಡುವೆ ನಿಂತಿತು. ಫ್ಯೂಸಣ್ಣ ಹೋಗಿ ಬಿಡಿಸಿ ಬಂದ. ನಮ್ಮ ಎಲೆಕ್ಟ್ರಿಷಿಯನ್. ಅವನ ನಿಜವಾದ ಹೆಸರು ಸಂಬಳದ ಚೀಟಿಗೆ ಮಾತ್ರ ಗೊತ್ತು. "ಇದೊಂದು ತಿಂಗಳು ತಳ್ಳಿದ್ರೆ ಸಾಕು ಸಾರ್, ಆಮೇಲೆ ಇದಕ್ಕೂ ರಿಟೈರ್ಮೆಂಟು" ಎಂದ.

ಹೌದು. ತಿಂಗಳ ಕೊನೆಗೆ ಹಳೇ ಕಟ್ಟಡ ಖಾಲಿ. ಇಡೀ ಆಸ್ಪತ್ರೆ ರಸ್ತೆಯಾಚೆಯ ಹೊಸ ಕಟ್ಟಡಕ್ಕೆ. ಮೇಂಟೆನೆನ್ಸ್ ನನ್ನದು, ಹಾಗಾಗಿ ಸಾಗಿಸುವ ಹೊಣೆಯೂ ನನ್ನ ತಲೆಗೇ ಬಂತು. ಡೈರೆಕ್ಟರ್ ಒಂದು ಸಾಫ್ಟ್‌ವೇರ್ ತರಿಸಿದ್ದಾರೆ. ಕಲಿಸಲು ಆ ಕಂಪನಿಯಿಂದ ಒಬ್ಬ ಮೇಡಂ ಬಂದಿದ್ದರು. ಪ್ರತಿ ಕೆಲಸಕ್ಕೂ ಒಂದು ಡಬ್ಬಿ. ಎಷ್ಟು ಹೊತ್ತು ಹಿಡಿಯುತ್ತದೋ ಅಷ್ಟು ಉದ್ದ.

"ಇದು ಮುಗೀದೆ ಅದು ಶುರುವಾಗಲ್ಲ ಅಂದ್ರೆ, ಇದರಿಂದ ಅದಕ್ಕೊಂದು ಬಾಣ ಎಳೀಬೇಕು ಸಾರ್. ಯಾವ ಸಾಲು ತಡವಾದ್ರೆ ಎಲ್ಲಾನೂ ತಡವಾಗುತ್ತೋ, ಆ ಸಾಲು ತಾನಾಗೇ ಕೆಂಪಾಗುತ್ತೆ."

ಫ್ಯೂಸಣ್ಣ ಹಿಂದಿನ ಕುರ್ಚಿಯಲ್ಲಿ ಕೂತು ಎಲ್ಲ ಕೇಳಿಸಿಕೊಂಡ. ಹೊರಗೆ ಬಂದ ಮೇಲೆ ಅವರಿಗೆ ಹೆಸರಿಟ್ಟೂ ಆಯಿತು – ಬಾಣದ ಮೇಡಂ.

ಮಾರ್ಚ್ ೫

ಇಡೀ ದಿನ ಡಬ್ಬಿ ತುಂಬಿಸಿದೆ. ಲಿನನ್ ರೂಮ್ ಖಾಲಿ. ಡಿಸ್ಪೆನ್ಸರಿ ಖಾಲಿ. ಎಕ್ಸ್‌ರೇ ಬಿಚ್ಚುವುದು. ಟೈಪ್ ಮಾಡುತ್ತಾ ಮಾಡುತ್ತಾ ಕೈ ನಿಲ್ಲುತ್ತದೆ.

ಲಿನನ್ ರೂಮಿನಲ್ಲೇ ನಾನು ಮಗ್ಗಿ ಕಲಿತದ್ದು. ಅಮ್ಮ ಹೆರಿಗೆ ವಾರ್ಡಿನ ನರ್ಸು, ಅಪ್ಪ ಲಿಫ್ಟಿನವರು. ಸ್ಕೂಲ್ ಬಿಟ್ಟರೆ ಮನೆಯಲ್ಲಿ ಯಾರೂ ಇಲ್ಲ. ಬೆಡ್‌ಶೀಟ್ ರಾಶಿಯ ಮೇಲೆ ನನ್ನನ್ನು ಕೂರಿಸಿ ಅಮ್ಮ ಡ್ಯೂಟಿಗೆ ಓಡುವಳು. ಲಾಂಡ್ರಿಯಿಂದ ಬಂದ ಶೀಟುಗಳು ಇನ್ನೂ ಬೆಚ್ಚಗಿರುತ್ತಿದ್ದವು. ಎಷ್ಟೋ ಸಲ ಅಲ್ಲೇ ನಿದ್ದೆ. ಎಚ್ಚರವಾದರೆ ಅಪ್ಪನ ಹೆಗಲ ಮೇಲೆ.

ರ‍್ಯಾಂಪಿನಲ್ಲಿ ಖಾಲಿ ಟ್ರಾಲಿ ಹತ್ತಿ ಜಾರಿ, ಕೆಳಗಿನ ಬಾಗಿಲಿಗೆ ಗುದ್ದಿ, ಮೇಟ್ರನ್ ಕೈಗೆ ಸಿಕ್ಕಿಬಿದ್ದದ್ದೂ ಇಲ್ಲೇ. ಹೊಡೆಯಲಿಲ್ಲ ಅವರು. ಎಳೇ ಮಕ್ಕಳನ್ನು ತೂಗುವ ತಕ್ಕಡಿಯ ಪಕ್ಕ ನಿಲ್ಲಿಸಿ, "ಇವನು ಇನ್ನೂ ಬೆಳೆದಿಲ್ಲ, ತೂಗಿ ಬರ್ಕೊಳ್ಳಿ" ಎಂದರು. ವಾರ್ಡಿಗೆ ವಾರ್ಡೇ ನಕ್ಕಿತು. ಹೊಡೆದಿದ್ದರೇ ವಾಸಿಯಿತ್ತು.

ಡಬ್ಬಿಯಲ್ಲಿ ಬರೆದದ್ದು: ರ‍್ಯಾಂಪ್, ಟ್ರಾಲಿಗಳು, ಅರ್ಧ ದಿನ.

ಮಾರ್ಚ್ ೯, ಭಾನುವಾರ

ಲ್ಯಾಪ್‌ಟಾಪ್ ಮನೆಗೆ ತಂದೆ. ಅಮ್ಮ ಕನ್ನಡಕ ಹಾಕಿಕೊಂಡು ಪಕ್ಕದಲ್ಲಿ ಕೂತಳು.

"ಇದೇನೋ ಇದು, ದಾರದುಂಡೆ ಬೆಕ್ಕಿನ ಕೈಗೆ ಸಿಕ್ಕ ಹಾಗಿದೆ."

ವಿವರಿಸಿದೆ. ಒಂದು ಡಬ್ಬಿಯನ್ನು ಹಿಡಿದು ಮುಂದಕ್ಕೆ ಎಳೆದು ತೋರಿಸಿದೆ. ಅದಕ್ಕೆ ಕಾದಿದ್ದ ಡಬ್ಬಿಗಳೆಲ್ಲ ಸರಸರ ಹಿಂದೆಯೇ ಹೋದವು. ಅಮ್ಮನ ಮುಖ ನೋಡಬೇಕಿತ್ತು.

"ನನ್ನ ಕೈಗೆ ಕೊಡು."

ಅಲ್ಲಿಂದ ಮುಂದೆ ನಾನು ಬರೀ ಪ್ರೇಕ್ಷಕ. ಅಡುಗೆಮನೆಗೊಂದು ಬಾಣ, ಟೀ ಕೊಡುವುದಕ್ಕೊಂದು ಬಾಣ, ಪೊರಕೆಗೂ ಒಂದು. ಕೊನೆಗೆ ಸಾಫ್ಟ್‌ವೇರೇ ಕೈಮುಗಿಯಿತು. ಅಡುಗೆಮನೆ ವಾರ್ಡಿಗಾಗಿ ಕಾಯಬೇಕು, ವಾರ್ಡು ಅಡುಗೆಮನೆಗಾಗಿ ಕಾಯಬೇಕು ಎಂದು ಎಳೆದಿದ್ದಾಳೆ. ಸುತ್ತು ಬಿದ್ದಿದೆ, ಹೀಗಾದರೆ ಯಾವುದೂ ಶುರುವಾಗುವುದಿಲ್ಲ ಎಂದು ಸ್ಕ್ರೀನ್ ಮೇಲೆ ಬಂತು.

ಅಮ್ಮ ಬಿದ್ದು ಬಿದ್ದು ನಕ್ಕಳು. "ಥೇಟ್ ನಾನೂ ನಿಮ್ಮಪ್ಪನೂ! ನೀವು ಬಂದ್ಮೇಲೆ ಊಟಕ್ಕೆ ಕೂರ್ತೀನಿ ಅಂತ ನಾನು. ನೀನು ಬಂದ್ಮೇಲೆ ಕೂರ್ತೀನಿ ಅಂತ ಅವರು. ಇಬ್ಬರ ಡ್ಯೂಟಿಯೂ ಮುಗಿಯೋ ಹೊತ್ತಿಗೆ ಊಟ ಆರಿ ತಣ್ಣಗೆ."

ಎಷ್ಟೋ ವರ್ಷದ ಮೇಲೆ ಅಪ್ಪನ ಮಾತು ಅವಳಾಗಿಯೇ ಎತ್ತಿದ್ದು.

ಒಂದೊಂದೇ ಡಬ್ಬಿ ಓದುತ್ತಾ ಇಡೀ ಆಸ್ಪತ್ರೆಯನ್ನು ಕೂತಲ್ಲೇ ಸುತ್ತಿದಳು. ಡಿಸ್ಪೆನ್ಸರಿ ಕಿಟಕಿಯ ಹಿಂದೆ ಬೆಲ್ ಬಾರಿಸಿದರೂ ಏಳದ ಕಾಂಪೌಂಡರ್... ಮಳೆ ಬಂದರೆ ಸೋರುವ ಡ್ರೆಸ್ಸಿಂಗ್ ರೂಮು... 'ಗಂಡಸರ ವಾರ್ಡ್' ಬಂತು. ಮೌಸ್ ಬಿಟ್ಟಳು.

"ಇದನ್ನ ನೀನೇ ನೋಡ್ಕೋ" ಎಂದು ಎದ್ದುಹೋದಳು.

ಮಾರ್ಚ್ ೧೦, ಬೆಳಿಗ್ಗೆ, ಡ್ಯೂಟಿಗೆ ಮುಂಚೆ

ಅಪ್ಪ ಹೋದದ್ದು ಆ ವಾರ್ಡಿನಲ್ಲೇ. ಕೆಳಮಹಡಿ, ಕಿಟಕಿ ಪಕ್ಕದ ಮಂಚ. ಅಮ್ಮನ ಸರ್ವೀಸಿನ ಕೊನೆಯ ವರ್ಷ. ಅವಳು ಅದೇ ಕಟ್ಟಡದಲ್ಲೇ ಇದ್ದಳು – ಮೇಲೆ, ಹೆರಿಗೆ ಕೋಣೆಯಲ್ಲಿ, ಡ್ಯೂಟಿಯಲ್ಲಿ. ನಾನೇ ಹೇಳಿಕಳಿಸಿದೆ. ಬರಲಿಲ್ಲ. ಬಂದಾಗ ಮುಗಿದಿತ್ತು.

ಯಾಕೆ ತಡವಾಯಿತು ಎಂದು ನಾನು ಕೇಳಲಿಲ್ಲ. ಅವಳೂ ಹೇಳಲಿಲ್ಲ. ರಿಟೈರಾದ ಮೇಲೆ ಒಂದು ದಿನವೂ ಆ ಗೇಟು ದಾಟಿಲ್ಲ. ಜ್ವರ ಬಂದರೆ ಬೇರೆ ಆಸ್ಪತ್ರೆಗೆ ಹೋಗುತ್ತಾಳೆ. ಮಗ ಕೆಲಸ ಮಾಡುವ ಜಾಗಕ್ಕೆ ಮಾತ್ರ ಬರುವುದಿಲ್ಲ.

ಮಾರ್ಚ್ ೧೮, ಸಂಜೆ

ಲಿನನ್ ರೂಮ್ ಖಾಲಿಯಾಯಿತು. ಡಬ್ಬಿ ಹಸಿರು. ಕಪಾಟುಗಳು ಹೋದ ಮೇಲೆ ನೋಡಿದರೆ ಆ ಕೋಣೆ ಎಷ್ಟು ಚಿಕ್ಕದು... ನಾನು ಅದರಲ್ಲೊಂದು ಊರೇ ಇದೆ ಎಂದುಕೊಂಡಿದ್ದೆ.

ಒಂದು ವಾರ್ಡು ಆಚೆ ಹೋದಾಗೆಲ್ಲ ಕಾರಿಡಾರಿನಲ್ಲಿ ನಮ್ಮ ಚಪ್ಪಲಿ ಸದ್ದು ಜೋರಾಗುತ್ತದೆ. ಫ್ಯೂಸಣ್ಣ ಮಾತ್ರ ಈಗ ಮೆತ್ತಗೆ ಮಾತಾಡುತ್ತಾನೆ. ಇಷ್ಟು ವರ್ಷ ರೋಗಿಗಳು ಮಲಗಿದ್ದಾಗ ಕಿರುಚಾಡಿಕೊಂಡಿದ್ದವನು.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. "ಒಂದು ಸಲ ಬಂದು ನೋಡು. ಆಮೇಲೆ ಕೆಡವ್ತಾರೆ."

"ಇಲ್ಲೇ ನೋಡ್ತಿದೀನಲ್ಲ" ಎಂದು ಸ್ಕ್ರೀನ್ ತೋರಿಸಿದಳು. ನನ್ನ ಹಳೇ ಕಂಪ್ಯೂಟರಿನಲ್ಲಿ ಅವಳಿಗೂ ಆ ಚಾರ್ಟ್ ಹಾಕಿಕೊಟ್ಟಿದ್ದೇನೆ. ಯಾವ ಡಬ್ಬಿ ಹಸಿರಾಯಿತು, ಯಾವುದು ಹಿಂದೆ ಬಿತ್ತು... ನನಗಿಂತ ಮೊದಲು ಅವಳಿಗೆ ಗೊತ್ತಾಗುತ್ತದೆ. ಮಧ್ಯಾಹ್ನ ಫೋನ್ ಮಾಡಿ, "ಎಕ್ಸ್‌ರೇ ಯಾಕೋ ನಿಂತಿದೆ?" ಎಂದು ವಿಚಾರಣೆ ಬೇರೆ. ಡೈರೆಕ್ಟರ್ ಒಬ್ಬರು ಸಾಲದಾಗಿತ್ತು.

ಮಾರ್ಚ್ ೨೭

ನಾಳೆ ಕೊನೆ. ಉಳಿದದ್ದು ಒಂದೇ ಕೆಂಪು ಸಾಲು. ಹೆರಿಗೆ ವಾರ್ಡು ಆಚೆಗೆ ಹೋಗಬೇಕು – ಹೋದ ಮೇಲೆ ಆಕ್ಸಿಜನ್ ಬಂದ್ – ಆಮೇಲೆ ಹಳೇ ಕಟ್ಟಡದ ಮೇನ್ ಸ್ವಿಚ್ ಆಫ್ – ಆಮೇಲೆ ಕರೆಂಟಿನವರು ದೊಡ್ಡ ಕೇಬಲ್ಲನ್ನು ಹೊಸ ಕಟ್ಟಡಕ್ಕೆ ಜೋಡಿಸಬೇಕು – ಆಗ ಅಲ್ಲಿಯ ಆಪರೇಷನ್ ಥಿಯೇಟರ್ ಶುರು. ನಾಡಿದ್ದು ಬೆಳಿಗ್ಗೆಗೆ ಸೊಂಟ ಮುರಿದ ಒಬ್ಬ ಅಜ್ಜನ ಆಪರೇಷನ್ ನಿಗದಿಯಾಗಿದೆ. ಕರೆಂಟಿನವರು ಸಿಗುವುದು ನಾಳೆ ಮಾತ್ರ. ನಾಳೆ ತಪ್ಪಿದರೆ ಮುಂದಿನ ತಿಂಗಳು.

'ಹೆರಿಗೆ ವಾರ್ಡ್' ಡಬ್ಬಿಗೆ ಬಾಣದ ಮೇಡಂ ಬರೀ ಒಂದು ಬೆಳಗಿನ ಹೊತ್ತು ಕೊಟ್ಟಿದ್ದಾರೆ.

ಮಾರ್ಚ್ ೨೯, ಬೆಳಿಗ್ಗೆ

ನಿನ್ನೆ ಬರೆಯಲಾಗಲಿಲ್ಲ. ಈಗ ಬರೆಯುತ್ತೇನೆ.

ಬೆಳಿಗ್ಗೆ ಬಾಣಂತಿಯರೆಲ್ಲ ಮಕ್ಕಳ ಸಮೇತ ಆಂಬುಲೆನ್ಸಿನಲ್ಲಿ ಆಚೆ ಹೋದರು. ಕೊನೆಯ ಮಂಚ ಎತ್ತುತ್ತಿದ್ದಾರೆ, ಅಷ್ಟರಲ್ಲಿ ಗೇಟಿಗೆ ಒಂದು ಆಟೋ. ಒಳಗೆ ತುಂಬು ಬಸುರಿ, ಜೊತೆಯಲ್ಲಿ ಅವಳ ತಾಯಿ. ಆಸ್ಪತ್ರೆ ಜಾಗ ಬದಲಾದದ್ದು ಅವರಿಗೆ ಗೊತ್ತಿಲ್ಲ. ಮೊದಲ ಹೆರಿಗೆ, ನೋವು ರಾತ್ರಿಯೇ ಶುರುವಾಗಿತ್ತಂತೆ. ಡಾಕ್ಟರಮ್ಮ ನೋಡಿದವರೇ, "ಇವಳನ್ನ ಈಗ ಅಲ್ಲಾಡಿಸೋ ಹಾಗಿಲ್ಲ. ಮಂಚ ವಾಪಸ್ ಇಡಿ" ಎಂದರು.

ಮಂಚ ಇಟ್ಟರು. ಕಾದೆವು.

ಮಧ್ಯಾಹ್ನವಾಯಿತು. ಕೆಂಪು ಸಾಲು ಉದ್ದವಾಗುತ್ತಾ ಹೋಯಿತು. ಬಾಣದ ಮೇಡಂ ಫೋನ್.

"ಸಾರ್, ಹೆರಿಗೆಗೆ ಇನ್ನೆಷ್ಟು ಹೊತ್ತು ಹಾಕ್ಲಿ?"

"ಗೊತ್ತಿಲ್ಲ ಅಂತ ಹಾಕಿ ಮೇಡಂ."

"ಗೊತ್ತಿಲ್ಲ ಅಂತ ಹಾಕೋಕೆ ಜಾಗ ಇಲ್ಲ ಸಾರ್..."

ಪಾಪ, ಅವರ ದನಿಯೂ ಸಣ್ಣಗಾಗಿತ್ತು. ಆಮೇಲೆ ಡೈರೆಕ್ಟರ್.

"ಬರೀ ರಸ್ತೆ ದಾಟಬೇಕು ಕಣ್ರೀ, ಸ್ಟ್ರೆಚರಲ್ಲಿ ಸಾಗಿಸಿ. ಕರೆಂಟಿನವರು ಹೊರಟುಹೋದ್ರೆ ಆ ಅಜ್ಜನಿಗೆ ಯಾರು ಉತ್ತರ ಕೊಡ್ತಾರೆ?"

"ಡಾಕ್ಟರು ಬೇಡ ಅಂದಿದಾರೆ ಸಾರ್."

"ಮೇನ್ ಆಫ್ ಮಾಡಿ, ಜನರೇಟರ್ ಮೇಲೆ ನಡೆಸಿ ಹಾಗಾದ್ರೆ."

ಆ ಜನರೇಟರ್ ನನಗೆ ಗೊತ್ತು. ಯಾವಾಗ ಕೆಮ್ಮಿ ನಿಲ್ಲುತ್ತದೋ ಹೇಳಲಾಗದು. "ಆ ಮಗು ಅಳೋವರೆಗೂ ನಾನು ಮೇನ್ ಮುಟ್ಟಲ್ಲ ಸಾರ್" ಎಂದೆ. ಅವರು ಫೋನ್ ಇಟ್ಟರು.

ಫ್ಯೂಸಣ್ಣ ಕರೆಂಟಿನವರನ್ನು ನೆರಳಲ್ಲಿ ಕೂರಿಸಿ, ಟೀ ಮೇಲೆ ಟೀ ತರಿಸಿ, ತನ್ನ ಸರ್ವೀಸಿನ ಎಲ್ಲ ಶಾಕುಗಳ ಕಥೆ ಹೇಳುತ್ತಿದ್ದ. ಅರ್ಧ ಸುಳ್ಳು. ಅವರು ಏಳಲಿಲ್ಲ.

ಆಗ ರ‍್ಯಾಂಪಿನ ಮೇಲೆ ಅಮ್ಮ. ಲಿಫ್ಟ್ ಹತ್ತದೆ ನಡೆದೇ ಬಂದಿದ್ದಾಳೆ. ಏದುಸಿರು.

"ಬೆಳಿಗ್ಗೆಯಿಂದ ಆ ಡಬ್ಬಿ ಅಲ್ಲಾಡ್ತಾ ಇಲ್ಲ. ಮನೇಲಿ ಹೇಗೆ ಕೂರ್ಲೋ?"

ಒಳಗೆ ಹೋಗಲಿಲ್ಲ. "ಒಳಗಿನವರ ಕೆಲಸ ಒಳಗಿನವರು ಮಾಡ್ತಾರೆ" ಎಂದು, ಬೆಂಚಿನ ಮೇಲೆ ಬಸುರಿಯ ತಾಯಿಯ ಪಕ್ಕ ಕೂತಳು. ಆಕೆ ಸೆರಗಿನ ತುದಿ ಹಿಂಡುತ್ತಿದ್ದರು. "ನನ್ನ ಮಗಳು ಕೂಗ್ತಿದಾಳೆ ಅಕ್ಕ..."

"ಕೂಗ್ಲಿ ಬಿಡಿ. ಕೂಗೋಕೆ ಶಕ್ತಿ ಇದೆ ಅಂತ ಅರ್ಥ. ನೀವು ಬೆಳಿಗ್ಗೆಯಿಂದ ಏನಾದ್ರೂ ತಿಂದ್ರಾ?"

ತಿಂದಿರಲಿಲ್ಲ. ತಿನ್ನಿಸಿದಳು. ಆಕೆಯ ಕೈ ಹಿಡಿದುಕೊಂಡೇ ಎಷ್ಟೋ ಹೊತ್ತು ಕೂತಿದ್ದಳು. ಆಕೆಗೆ ಸ್ವಲ್ಪ ಕಣ್ಣು ಹತ್ತಿದ ಮೇಲೆ ಎದ್ದು, ಯಾರಿಗೂ ಹೇಳದೆ ಕೆಳಗಿಳಿದಳು. ನಾನು ಹಿಂದೆ ಹೋದೆ.

ಗಂಡಸರ ವಾರ್ಡು ಬರಿದು. ಮಂಚದ ಕಾಲುಗಳ ಗುರುತು ನೆಲದ ಮೇಲೆ ಸಾಲಾಗಿ. ಅಮ್ಮ ಕಿಟಕಿ ಹತ್ತಿರ ನಿಂತಿದ್ದಳು.

"ಇಲ್ಲೇ ಅಲ್ವೇನೋ?"

"ಇಲ್ಲೇ ಅಮ್ಮ."

"ಕಿಟಕಿ ಇಷ್ಟು ದೊಡ್ಡದಾ? ಆವತ್ತು ಗೊತ್ತೇ ಆಗ್ಲಿಲ್ಲ." ನನ್ನ ಕಡೆ ತಿರುಗದೆಯೇ, "ನೀನು ಹೇಳಿಕಳಿಸಿದ್ದು ಬಂತು ಕಣೋ. ಆಗ ಮಗುವಿನ ತಲೆ ಕೈಯಲ್ಲಿತ್ತು. ಬಿಟ್ಟು ಹೇಗೆ ಬರ್ಲಿ? ಅದು ಗಂಡಾ ಹೆಣ್ಣಾ ಅಂತಾನೂ ಈಗ ನೆನಪಿಲ್ಲ. ಅಳ್ತು ಅನ್ನೋದೊಂದು ನೆನಪಿದೆ. ಕೈ ತೊಳ್ಕೊಂಡು ಓಡಿಬಂದೆ..."

ಪಕ್ಕ ಹೋಗಿ ನಿಂತೆ.

"ನಿಮ್ಮಪ್ಪ ಕೇಳಿದ್ರಾ ನನ್ನ?"

"ಕೇಳಿದ್ರು. ಮೇಲೆ ಹೆರಿಗೆ ನಡೀತಿದೆ ಅಂದೆ. 'ಹಾಗಾದ್ರೆ ಅವಳನ್ನ ಕರೀಬೇಡ, ಹೆದರಿಬಿಡ್ತಾಳೆ' ಅಂದ್ರು. ಅಷ್ಟರಲ್ಲಿ ನಾನು ಹೇಳಿಕಳಿಸಿ ಆಗಿತ್ತು."

ಇಷ್ಟು ವರ್ಷ ಇದನ್ನು ಅವಳು ಕೇಳಿರಲಿಲ್ಲ, ನಾನು ಹೇಳಿರಲಿಲ್ಲ. ಅಮ್ಮ ಕಿಟಕಿ ಸರಳು ಹಿಡಿದು ಅತ್ತಳು. ಜೋರಾಗಿ, ಮಗುವಿನ ಹಾಗೆ. ಖಾಲಿ ವಾರ್ಡಿನಲ್ಲಿ ಅದು ಎಲ್ಲ ಕಡೆಯಿಂದ ಕೇಳಿಸಿತು. ತಡೆಯಲಿಲ್ಲ ನಾನು.

ಮತ್ತೆ ಮೇಲೆ ಹತ್ತುವಾಗ ಬಾಗಿಲು ತೆರೆದ ಸದ್ದು. ಆಮೇಲೆ ಅಳು. ಸಣ್ಣದು, ಸಿಟ್ಟಿನದು. ಹೆಣ್ಣು ಮಗು. ಬೆಂಚಿನ ಮೇಲಿದ್ದ ಅಜ್ಜಿ ಅಮ್ಮನನ್ನು ಅಪ್ಪಿಕೊಂಡರು. ಇಬ್ಬರೂ ಈಗ ಒಟ್ಟಿಗೆ ಅತ್ತರು, ನಗುತ್ತಲೇ.

ತಾಯಿ, ಮಗು ಆಚೆ ಹೋದದ್ದು ಬಿಸಿಲು ಇಳಿಯುವ ಹೊತ್ತಿಗೆ. ಕರೆಂಟಿನವರು ಗೊಣಗುತ್ತಲೇ ಕೆಲಸ ಮುಗಿಸಿಕೊಟ್ಟರು. ಮೇನ್ ಆಫ್ ಮಾಡಿದ್ದು ನಾನೇ. ಫ್ಯಾನುಗಳು ನಿಧಾನವಾಗಿ ನಿಂತವು.

ಅಜ್ಜನ ಆಪರೇಷನ್ ಈಗ ನಡೆಯುತ್ತಿದೆ.

ಏಪ್ರಿಲ್ ೭

ಅಜ್ಜ ಚೆನ್ನಾಗಿದ್ದಾರೆ. ನರ್ಸುಗಳ ಜೊತೆ ಜಗಳವಾಡುವಷ್ಟು. ಡೈರೆಕ್ಟರ್ ಎದುರು ಸಿಕ್ಕರು. ಬೈಯಲಿಲ್ಲ, ಹೊಗಳಲೂ ಇಲ್ಲ. "ಹೊಸ ಜನರೇಟರ್ ಟೆಸ್ಟ್ ಮಾಡಿದ್ರಾ?" ಅಷ್ಟೇ. ಅದು ಅವರ ಕ್ಷಮಾಪಣೆ ಎಂದು ಫ್ಯೂಸಣ್ಣನ ಅಭಿಪ್ರಾಯ.

ಚಾರ್ಟ್ ಪೂರ್ತಿ ಹಸಿರು. ಮುಚ್ಚಲು ಮನಸ್ಸಾಗದೆ ಇನ್ನೂ ತೆರೆದಿಟ್ಟುಕೊಂಡಿದ್ದೇನೆ. ಅಮ್ಮನೂ.

ಏಪ್ರಿಲ್ ೧೪, ಬೆಳಿಗ್ಗೆ

ಅಮ್ಮ ಹೊಸ ಕಟ್ಟಡಕ್ಕೆ ಹೋಗಿ ಬರುತ್ತಿದ್ದಾಳಂತೆ – ನನಗೆ ಹೇಳದೆ, ಬಸ್ಸಿನಲ್ಲಿ. ಮೊದಲು ಆ ಮಗುವನ್ನು ನೋಡಲು. ಅವರು ಮನೆಗೆ ಹೋದ ಮೇಲೂ ನಿಲ್ಲಿಸಿಲ್ಲ. ಹೆರಿಗೆ ಕೋಣೆಯ ಹೊರಗೆ ಕಾಯುವ ತಾಯಂದಿರು, ಅತ್ತೆಯಂದಿರು, ಉಗುರು ಕಚ್ಚುವ ಗಂಡಂದಿರು... ಅವರ ಪಕ್ಕ ಕೂರುತ್ತಾಳೆ. ಊಟ ಮಾಡಿದ್ರಾ ಎಂದು ಕೇಳುತ್ತಾಳೆ. ಡಾಕ್ಟರಮ್ಮ ನಿನ್ನೆ, "ದಿನಾ ಬನ್ನಿ ಸಿಸ್ಟರ್, ನಿಮಗೊಂದು ಕುರ್ಚಿ ಹಾಕಿಸ್ತೀನಿ" ಎಂದರಂತೆ. ಸಿಸ್ಟರ್ ಎಂದು ಕರೆಸಿಕೊಂಡು ಎಷ್ಟು ದಿನವಾಗಿತ್ತೋ. ಎರಡು ಸಲ ಹೇಳಿದಳು ನನಗೆ ಅದನ್ನು.

ಇವತ್ತಿನಿಂದ ನನ್ನ ಜೊತೆ ಸ್ಕೂಟರಿನಲ್ಲಿ. ಸೀರೆಗೆ ಇಸ್ತ್ರಿಯಾಗಿದೆ. ನನಗಿಂತ ಮೊದಲೇ ರೆಡಿಯಾಗಿ ಬಾಗಿಲಲ್ಲಿ ನಿಂತು, "ಏನೋ ಅದು ಬರೀತಾ ಕೂತೆ, ಅಲ್ಲಿ ಯಾರು ಕಾಯ್ತಿದಾರೋ ಏನೋ, ಬೇಗ ಹೊರಡು..." ಇರು ಅಮ್ಮ, ಇದೊಂದು ಸಾಲು