ಅಮ್ಮ ಊಳಿಟ್ಟದ್ದು

ನವೆಂಬರ್ ೧೨, ಮಂಗಳವಾರ

ನಮ್ಮ ತೋಳಮನುಷ್ಯನ ಸಿನಿಮಾಕ್ಕೆ ಇಂದು ಊಳಿಡುವ ದನಿಯನ್ನು ರೆಕಾರ್ಡ್ ಮಾಡಬೇಕಿತ್ತು. ಪರದೆಯ ಮೇಲೆ ಮಂಜು, ಹಳೇ ಕಾಲದ ಬಂಗಲೆ, ಹೆಂಡತಿಯ ಹೆಣದ ಮುಂದೆ ಅರ್ಧ ತೋಳವಾಗಿ ಕೂತ ಯಜಮಾನ. ಮೂವರು ಕಲಾವಿದರು ಊಳಿಟ್ಟರೂ ನಿರ್ದೇಶಕರಿಗೆ ಹಿಡಿಸಲಿಲ್ಲ.

"ಇದು ನಾಯಿ ಕಣ್ರೀ, ತೋಳ ಅಲ್ಲ."

ಸಿನಿಮಾದ ಉಡುಪು ಹೊಲಿಯುವ ನನ್ನಮ್ಮ ಮೂಲೆಯಲ್ಲಿದ್ದಳು. "ನಾನೊಂದ್ಸಲ ನೋಡ್ಲಾ?" ಎಂದು ಮೈಕಿನ ಮುಂದೆ ನಿಂತಳು. ನಾನು ನಗುತ್ತಲೇ ರೆಕಾರ್ಡಿಂಗ್ ಶುರು ಮಾಡಿದೆ.

ಅಪ್ಪ ಹೋದಾಗ ಒಂದು ಹನಿ ಕಣ್ಣೀರು ಹಾಕದವಳು. ಕಲ್ಲೆದೆಯವಳು ಎಂದು ಅತ್ತೆಯಂದಿರು ಇಂದಿಗೂ ಆಡಿಕೊಳ್ಳುತ್ತಾರೆ, ನಾನೂ ನಂಬಿದ್ದೆ. ಅವಳ ಗಂಟಲಿನಿಂದ ಆ ಊಳು ಹೊರಟ ಕೂಡಲೇ ಹೆಡ್‌ಫೋನ್ ಕಿತ್ತು ಕೆಳಗಿಟ್ಟೆ.

ನಿರ್ದೇಶಕರು ಮೆಲ್ಲಗೆ, "ಅಮ್ಮಾ, ಇನ್ನೊಂದ್ಸಲ?" ಎಂದರು.

"ಇಲ್ಲಪ್ಪ, ಇದ್ದಿದ್ದೇ ಅಷ್ಟು" ಎಂದು ಅಮ್ಮ ಕುಡಿಯಲು ನೀರು ಕೇಳಿದಳು.

ಈಗ ಪಕ್ಕದ ಕೋಣೆಯಲ್ಲಿ ಮಲಗಿದ್ದಾಳೆ. ಹದಿನಾಲ್ಕು ವರ್ಷ ಅದನ್ನು ಎಲ್ಲಿಟ್ಟುಕೊಂಡಿದ್ದಳೋ. ನಾನು ಇದೇ ಮನೆಯಲ್ಲಿದ್ದೂ ಒಂದು ದಿನವೂ ಅದನ್ನು ಕೇಳಿಸಿಕೊಳ್ಳಲಿಲ್ಲ.