ಜೋಯಿಸರು ಕೆಂಪು ಹಾಕಿದ ಹೆಸರು

ಮಾರ್ಚ್ ೧೪, ಭಾನುವಾರ

ಪ್ರೀತಿಯ ಗುಂಡ,

ಹೇಗಿದ್ದೀಯೋ? ಅಷ್ಟು ದೊಡ್ಡ ಹೆಂಚಿನ ಕಾರ್ಖಾನೆಯ ವ್ಯವಹಾರ ನೋಡಿಕೊಳ್ಳುವವನನ್ನು ಇನ್ನೂ ಗುಂಡ ಎನ್ನುತ್ತೇನಲ್ಲ, ಪಕ್ಕದಲ್ಲಿ ಯಾರಾದರೂ ಇಣುಕಿ ಓದಿ ನಕ್ಕಾರು ಎಂಬ ಅಳುಕು ನನಗೂ ಇದೆ. ಏನು ಮಾಡಲಿ, ನಾಲಿಗೆಗೆ ಬೇರೆ ಹೆಸರು ಒಗ್ಗುವುದಿಲ್ಲ. ನಿನ್ನ ಹೆಂಡತಿಯ ಸೊಂಟನೋವು ಕಡಿಮೆಯಾಯಿತೆ? ಮಕ್ಕಳು ಚೆನ್ನಾಗಿದ್ದಾರೆ ತಾನೆ?

ನಿನ್ನ ಪ್ರಶ್ನೆಗೆ ಉತ್ತರಿಸಲು ತೀರಾ ತಡ ಮಾಡಿದೆ, ಕ್ಷಮಿಸು. ಕೆಲಸ ಹೆಚ್ಚಿತ್ತು ಎನ್ನಬಹುದಿತ್ತು, ಇದ್ದದ್ದೂ ಹೌದು. ಆದರೆ ಏನು ಬರೆಯಬೇಕೆಂದು ನನಗೇ ಗೊತ್ತಿರಲಿಲ್ಲ ಎಂಬುದೇ ನಿಜ. ಈಗ ಗೊತ್ತಾಗಿದೆ. ಕಂಪ್ಯೂಟರಿನಲ್ಲಿ ಬರೆಯಲು ಮನಸ್ಸಾಗದೆ ಪೆನ್ನು ಹಿಡಿದಿದ್ದೇನೆ. ಅಭ್ಯಾಸ ತಪ್ಪಿದೆ, ಅಕ್ಷರ ಕಾಗೆ ಕಾಲು ಗುಬ್ಬಚ್ಚಿ ಕಾಲು ಆಗಿದ್ದರೆ ಬೈಯಬೇಡ.

ನೀನು ಕೇಳಿದ್ದೆ: "ಅಕ್ಕಾ, ನಿಮ್ಮಲ್ಲಿ ಆ ಹೊಸ ವ್ಯವಸ್ಥೆ ತಂದಿದ್ದೀರಂತೆ. ನಮ್ಮಲ್ಲೂ ಕೊಳ್ಳುವ ಮಾತು ನಡೆದಿದೆ, ಸಹಿ ಹಾಕಬೇಕಾದವನು ನಾನು. ತಂತ್ರಜ್ಞಾನ ವಿಭಾಗದ ಮುಖ್ಯಸ್ಥೆಯಾಗಿ ನಿನಗೆ ಏನನ್ನಿಸುತ್ತದೆ?" ನನಗೆ ಏನನ್ನಿಸುತ್ತದೆ ಎನ್ನುವುದಕ್ಕಿಂತ ನಮ್ಮಲ್ಲಿ ಏನಾಯಿತು ಎಂಬುದನ್ನೇ ಹೇಳುತ್ತೇನೆ.

ನಮ್ಮ ಕೆಲಸ ನಿನಗೆ ಗೊತ್ತು. ಊರಿನ ಅರ್ಧದಷ್ಟು ಕಟ್ಟಡಗಳ ಲಿಫ್ಟುಗಳನ್ನು ನೋಡಿಕೊಳ್ಳುವುದು. ಯಾರಾದರೂ ಲಿಫ್ಟಿನೊಳಗೆ ಸಿಕ್ಕಿಬಿದ್ದು ಗಂಟೆಯ ಗುಂಡಿ ಒತ್ತಿದರೆ ನಮ್ಮ ಕಂಟ್ರೋಲ್ ರೂಮಿನಲ್ಲಿ ಸದ್ದಾಗುತ್ತದೆ, ಹತ್ತಿರದ ಮೆಕ್ಯಾನಿಕ್ ಓಡುತ್ತಾನೆ. ಇದೆಲ್ಲ ಸರಾಗವಾಗಿ ನಡೆಯುತ್ತಿತ್ತು. ಹೋದ ವರ್ಷ ನಮ್ಮ ವ್ಯವಹಾರ ಮುಖ್ಯಸ್ಥರು ಯಾವುದೋ ಸಮ್ಮೇಳನಕ್ಕೆ ಹೋಗಿಬಂದರು. ಅವರಿಗೆ ನಾವು ಬೆನ್ನ ಹಿಂದೆ ಇಟ್ಟಿರುವ ಹೆಸರು ನಾಳೆ ಸಾಹೇಬರು. ಮಾತೆತ್ತಿದರೆ "ನಾಳೆ ಜಗತ್ತು ಹೀಗಿರತ್ತೆ" ಎಂದೇ ಶುರು. ಇವತ್ತಿನ ವಿಚಾರ ಕೇಳಿದರೆ ಮಾತ್ರ ಫೋನ್ ನೋಡಿಕೊಳ್ಳುತ್ತಾರೆ.

ಆ ಸಮ್ಮೇಳನಕ್ಕೆ ನಾನೂ ಹೋಗಿದ್ದೆ. ವೇದಿಕೆಯ ಮೇಲೆ ಕೂತ ಮುಖ್ಯಸ್ಥರೆಲ್ಲ ಒಬ್ಬರಾದ ಮೇಲೊಬ್ಬರು "ನಮ್ಮ ಕಂಪನಿ ಸಿದ್ಧವಾಗಿದೆ" ಎಂದರು. ಚಹಾದ ಹೊತ್ತಿನಲ್ಲಿ ಕಂಬದ ಮರೆಗೆ ಬಂದ ನನ್ನಂಥ ತಂತ್ರಜ್ಞಾನದವರು ಹೇಳಿದ್ದೇ ಬೇರೆ. ಒಬ್ಬರ ಆಫೀಸಿನಲ್ಲಿ ಎರಡು ವಿಭಾಗಗಳ ಕಂಪ್ಯೂಟರುಗಳು ಇನ್ನೂ ಪರಸ್ಪರ ಮಾತು ಬಿಟ್ಟಿವೆಯಂತೆ, ಅತ್ತೆ ಸೊಸೆಯ ಹಾಗೆ. ಇನ್ನೊಬ್ಬರಿಗೆ, ತಮ್ಮ ಕಂಪನಿ ಕೊಂಡಿದ್ದು ಏನೆಂದು ಪತ್ರಿಕೆಯಲ್ಲಿ ಓದಿಯೇ ತಿಳಿಯಿತಂತೆ. ನಾವು ತಕರಾರು ಎತ್ತಿದರೆ ಕುರ್ಚಿ ಉಳಿಸಿಕೊಳ್ಳಲು ಅಡ್ಡಗಾಲು ಹಾಕುತ್ತಿದ್ದೇವೆ ಎಂದು ವ್ಯವಹಾರದವರಿಗೆ ಗುಮಾನಿ. ಅವರಿಗೆ ಬೇಕಾದದ್ದು ಯಂತ್ರವಲ್ಲ, ಯಂತ್ರ ಕೊಂಡೆವು ಎಂಬ ಸುದ್ದಿ ಎಂದು ನಮಗೆ ಗುಮಾನಿ. ಹೀಗೆ ಒಬ್ಬರನ್ನೊಬ್ಬರು ಓರೆಗಣ್ಣಿನಲ್ಲಿ ನೋಡುತ್ತ ಬಿಸ್ಕತ್ತು ತಿಂದು ಮನೆಗೆ ಬಂದೆವು.

ಆಮೇಲೆ ಬಂದದ್ದೇ ಆ ವ್ಯವಸ್ಥೆ. ಆಫೀಸಿನಲ್ಲಿ ಯಾರು ಎಷ್ಟು ಹೊತ್ತಿಗೆ ಬರುತ್ತಾರೆ, ಯಾರಿಗೆ ಎಷ್ಟು ಮೇಲ್ ಕಳಿಸುತ್ತಾರೆ, ಸಭೆಯಲ್ಲಿ ಎಷ್ಟು ಮಾತಾಡುತ್ತಾರೆ, ಎಲ್ಲವನ್ನೂ ನೋಡಿ, ಯಾರು ಕೆಲಸ ಬಿಡಲಿದ್ದಾರೆ ಎಂದು ಅದು ಮೊದಲೇ ಹೇಳುತ್ತದಂತೆ. ಅದಕ್ಕೊಂದು ಉದ್ದನೆಯ ಇಂಗ್ಲಿಷ್ ಹೆಸರಿತ್ತು. ನಮ್ಮವರು ಜೋಯಿಸರು ಎಂದು ಕರೆದರು, ಅದೇ ಉಳಿಯಿತು.

ಒಂದು ಮಧ್ಯಾಹ್ನ ನಾಳೆ ಸಾಹೇಬರು ನನ್ನನ್ನು ತಮ್ಮ ಕೋಣೆಗೆ ಕರೆದು, ಬಾಗಿಲು ಹಾಕಿ, ಪರದೆ ನನ್ನ ಕಡೆ ತಿರುಗಿಸಿದರು. ಸಾಲು ಸಾಲು ಹೆಸರು, ಎಲ್ಲದರ ಪಕ್ಕ ಹಸಿರು ಚುಕ್ಕೆ. ಒಂದರ ಪಕ್ಕ ಮಾತ್ರ ಕೆಂಪು. ಅದು ನಮ್ಮ ಮೌನಿಯದು.

ಮೌನಿಯ ವಿಷಯ ನಿನಗೆ ಹೇಳಿದ್ದೇನೋ ಇಲ್ಲವೋ. ನನ್ನ ಕೆಳಗಿನ ಅಧಿಕಾರಿ. ಲಿಫ್ಟುಗಳಿಂದ ಬರುವ ಗಂಟೆಯ ಸಂಪರ್ಕವೆಲ್ಲ ಅವಳ ಉಸ್ತುವಾರಿ. ಮಾತು ಕಡಿಮೆ, ಅದಕ್ಕೇ ಆ ಹೆಸರು. ನಿನ್ನ ಭಾವ ಹೋದ ಮೇಲೆ ನಾನು ಮತ್ತೆ ಆಫೀಸಿಗೆ ಬಂದ ದಿನ ಯಾರ್ಯಾರೋ ಬಂದು ಏನೇನೋ ಹೇಳಿದರು. ಅವಳು ಏನೂ ಹೇಳದೆ ನನ್ನ ಮೇಜಿನ ಪಕ್ಕ ಕೂತು, ರಾಶಿ ಬಿದ್ದಿದ್ದ ಕೆಲಸದಲ್ಲಿ ಅರ್ಧ ತೆಗೆದುಕೊಂಡು ಹೋದಳು.

ಇವಳು ಬಿಟ್ಟು ಹೋಗುವುದುಂಟೆ ಎಂದೆ. ನಾಳೆ ಸಾಹೇಬರು ಅನುಕಂಪದಿಂದ ನಕ್ಕು, ಮನುಷ್ಯರಿಗೆ ಕಾಣದ್ದು ಅದಕ್ಕೆ ಕಾಣುತ್ತದೆ ಎಂದರು. ಯಾವ ಆಧಾರದ ಮೇಲೆ ಎಂದು ಅದನ್ನು ಮಾರಿದ ಕಂಪನಿಯವನಿಗೆ ಫೋನ್ ಮಾಡಿ ಕೇಳಿದೆ. "ಅದು ಹೇಗೆ ಅಂತ ಹೇಳಕ್ಕಾಗಲ್ಲ ಮೇಡಂ, ತಾನಾಗೇ ಕಲ್ತಿರತ್ತೆ" ಎಂದ. ಈ ವಿಷಯ ಅವಳಿಗೆ ತಿಳಿಸುವಂತಿಲ್ಲ, ಸದ್ದಿಲ್ಲದೆ ಅವಳ ಜವಾಬ್ದಾರಿ ಬೇರೆಯವರಿಗೆ ಹಂಚಿ ಎಂದು ನನಗೆ ಆದೇಶವಾಯಿತು.

ನಾನು ಆ ಯಂತ್ರವನ್ನು ನಂಬಲಿಲ್ಲ, ಗುಂಡ. ಆದರೂ ನೋಡು, ಆ ಕೆಂಪು ಚುಕ್ಕೆ ನನ್ನ ಕಣ್ಣಿಗೆ ಅಂಟಿಕೊಂಡಿತು. ಮೌನಿ ಈಗೀಗ ಸಂಜೆ ಬೇಗ ಹೊರಡುತ್ತಾಳೆ. ನಾನು ಹತ್ತಿರ ಹೋದರೆ ಪರದೆ ಮುಚ್ಚುತ್ತಾಳೆ. ಊಟದ ಹೊತ್ತಿನಲ್ಲಿ ಫೋನ್ ಹಿಡಿದು ಹಿಂದಿನ ಮೆಟ್ಟಿಲ ಕಡೆ ಹೋಗುತ್ತಾಳೆ. ಇವೆಲ್ಲ ಮೊದಲೂ ಇದ್ದವೋ ಏನೋ, ಮೊದಲು ನಾನು ನೋಡಿರಲಿಲ್ಲ. ಬೇರೆ ಕಂಪನಿಯವರ ಜೊತೆ ಮಾತಾಡುತ್ತಿದ್ದಾಳೆ ಎಂದು ಮನಸ್ಸು ತಾನೇ ಕತೆ ಕಟ್ಟಿತು. ನೇರವಾಗಿ ಒಂದು ಮಾತು ಕೇಳಲು ಏನು ಕಷ್ಟವಿತ್ತು? ಕೇಳಲಿಲ್ಲ. ನಾವು ಕಟ್ಟಿಸುತ್ತಿದ್ದ ಹೊಸ ಕಂಟ್ರೋಲ್ ರೂಮಿನ ಕೆಲಸದಿಂದ ಅವಳನ್ನು ಬಿಡಿಸಿದೆ. ಅವಳು ಒಮ್ಮೆ ನನ್ನ ಮುಖ ನೋಡಿ, ಸರಿ ಮೇಡಂ ಎಂದು ಹೋದಳು. ಸರ್ವರ್ ಕೋಣೆಯೊಳಗೆ ಹೋಗುವ ಪರವಾನಗಿಯನ್ನೂ ಅವಳಿಗೆ ಹೇಳದೆಯೇ ತೆಗೆಸಿಹಾಕಿದೆ. ಅವಳು ಒಮ್ಮೆ ನನ್ನ ಮುಖ ನೋಡಿ, ಸರಿ ಮೇಡಂ ಎಂದು ಹೋದಳು.

ಆಮೇಲೊಂದು ದಿನ ಊಟದ ಹೊತ್ತಿನಲ್ಲಿ ನಾನೇ ಹಿಂದಿನ ಮೆಟ್ಟಿಲಿಗೆ ಹೋದೆ. ಗಾಳಿಗೆ ಹೋದೆ ಎಂದು ನನಗೆ ನಾನೇ ಹೇಳಿಕೊಂಡೆ, ಹೋದದ್ದು ಕದ್ದು ಕೇಳಲು. ಕೇಳುವುದಕ್ಕೆ ಏನೂ ಇರಲಿಲ್ಲ. ಕೆಳಗಿನ ತಿರುವಿನಲ್ಲಿ ಮೌನಿ ಫೋನನ್ನು ಮೆಟ್ಟಿಲ ಕಂಬಿಗೆ ಒರಗಿಸಿ ನಿಲ್ಲಿಸಿದ್ದಳು. ಅವಳ ಎರಡೂ ಕೈ ಗಾಳಿಯಲ್ಲಿ ಆಡುತ್ತಿದ್ದವು. ಬೆರಳು ಮಡಚಿ, ಬಿಡಿಸಿ, ಎದೆಗೆ ತಂದು, ತಪ್ಪಾಯಿತೆಂದು ತಲೆ ಆಡಿಸಿ, ಮತ್ತೆ ಮೊದಲಿನಿಂದ. ಫೋನಿನೊಳಗಿಂದ ಒಬ್ಬ ಗಂಡಸು ಅದೇ ರೀತಿ ಉತ್ತರಿಸುತ್ತಿದ್ದ. ಇಬ್ಬರೂ ಸದ್ದಿಲ್ಲದೆ ನಗುತ್ತಿದ್ದರು.

ಅವಳ ಗಂಡನಿಗೆ ಜ್ವರ ಬಂದು ಕಿವಿ ಪೂರ್ತಿ ಹೋಗಿದೆಯಂತೆ. ಇಬ್ಬರೂ ಸಂಜೆ ಒಂದು ತರಗತಿಗೆ ಹೋಗಿ ಕೈಸನ್ನೆಯ ಭಾಷೆ ಕಲಿಯುತ್ತಿದ್ದಾರೆ. ಮಧ್ಯಾಹ್ನ ಅದರ ಅಭ್ಯಾಸ. ಆಫೀಸಿನಲ್ಲಿ ಯಾರೂ ಅಯ್ಯೋ ಪಾಪ ಅನ್ನುವುದು ಬೇಡವೆಂದು ಅವಳು ಹೇಳಿರಲಿಲ್ಲ. ಇದು ನನಗೆ ತಿಳಿದದ್ದು ನಂತರ. ಆ ದಿನ ಮಾತ್ರ ಕಾಲುಸಪ್ಪಳ ಮಾಡದೆ ಮೇಲೆ ಹತ್ತಿ ಬಂದೆ. ಎಲ್ಲ ಸರಿಪಡಿಸಬೇಕು, ಅವಳ ಪರವಾನಗಿ ವಾಪಸು ಕೊಡಿಸಬೇಕು ಎಂದುಕೊಂಡೆ.

ನಾನು ಬಾಯಿ ತೆರೆಯುವ ಮೊದಲೇ ಅನಾಹುತವಾಯಿತು. ಅದೇ ವಾರ ಒಂದು ಸಂಜೆ ಗಂಟೆಯ ಸಂಪರ್ಕ ಕಡಿದುಹೋಯಿತು. ಇನ್ನೂ ತರಗತಿಗೆ ಹೊರಟಿರದ ಮೌನಿ ಸರ್ವರ್ ಕೋಣೆಗೆ ಓಡಿ ಕಾರ್ಡ್ ತೋರಿಸಿದಳು. ಬಾಗಿಲು ತೆರೆಯಲಿಲ್ಲ. ಮತ್ತೆ ಮತ್ತೆ ತೋರಿಸಿದಳು. ನಾನು ಆಫೀಸಿನಲ್ಲಿರಲಿಲ್ಲ, ಅವಳ ಕೆಲಸ ಹೊಸದಾಗಿ ವಹಿಸಿಕೊಂಡವನು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದ. ಅಷ್ಟರಲ್ಲಿ ಒಂದು ಆಸ್ಪತ್ರೆಯ ಲಿಫ್ಟಿನಲ್ಲಿ ಗಾಲಿಕುರ್ಚಿಯ ಅಜ್ಜಿ, ಅವರ ಮಗಳು ಸಿಕ್ಕಿಬಿದ್ದು ಗುಂಡಿ ಒತ್ತುತ್ತಲೇ ಇದ್ದರು, ನಮ್ಮಲ್ಲಿ ಸದ್ದೇ ಇಲ್ಲ. ಕೊನೆಗೆ ಆಸ್ಪತ್ರೆಯವರೇ ಬಾಗಿಲು ಮೀಟಿ ತೆಗೆದರು. ಅಜ್ಜಿಗೆ ಏನೂ ಆಗಲಿಲ್ಲ, ಆಗಬಹುದಿತ್ತು.

ಕಾರ್ಡ್ ಯಾಕೆ ಕೆಲಸ ಮಾಡಲಿಲ್ಲ ಎಂದು ಮೌನಿ ವಿಚಾರಿಸಿದಾಗ ಜೋಯಿಸರ ವಿಷಯ ಹೊರಬಿತ್ತು. ಮರುದಿನ ರಾಜೀನಾಮೆ ತಂದು ನನ್ನ ಮೇಜಿನ ಮೇಲಿಟ್ಟಳು. ನಾನು ಎದ್ದು ನಿಂತು, ಬೇಡ, ತಪ್ಪು ನನ್ನದು, ಎಲ್ಲ ಮೊದಲಿನಂತೆ ಮಾಡಿಕೊಡುತ್ತೇನೆ ಎಂದು ಏನೇನೋ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಮೆಷಿನ್ ಕೆಂಪು ಹಾಕ್ತು ಅಂತ ನನಗೆ ಬೇಜಾರಿಲ್ಲ ಮೇಡಂ. ಅದಕ್ಕೇನು ಗೊತ್ತು? ನೀವು ಪಕ್ಕದಲ್ಲೇ ಕೂತಿದ್ರಿ. ಒಂದ್ಸಲ ಕೇಳ್ಬೋದಿತ್ತು."

ಅಷ್ಟು ಉದ್ದ ಅವಳು ಮಾತಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಇಷ್ಟಕ್ಕೇ ಮುಗಿದಿದ್ದರೆ ನಾನು ನುಂಗಿಕೊಳ್ಳುತ್ತಿದ್ದೆ. ಮುಂದಿನ ಸಭೆಯಲ್ಲಿ ನಾಳೆ ಸಾಹೇಬರು ಎದ್ದು ನಿಂತು, ಜೋಯಿಸರ ಲೆಕ್ಕ ಕರಾರುವಾಕ್ಕಾಗಿದೆ, ಹೋಗುತ್ತಾರೆ ಎಂದಿತ್ತು, ಹೋದರು ನೋಡಿ, ಇನ್ನು ಇಡೀ ಕಂಪನಿಗೆ ವಿಸ್ತರಿಸೋಣ ಎಂದರು. ಮಾರಿದ ಕಂಪನಿಯವನು ಪಕ್ಕದಲ್ಲಿ ಕೂತು ತಲೆದೂಗುತ್ತಿದ್ದ. ನಮ್ಮ ಯಜಮಾನಿ, ಕಂಪನಿ ಕಟ್ಟಿದವರ ಮಗಳು, ಸಹಿಗೆ ಪೆನ್ನು ಹುಡುಕುತ್ತಿದ್ದರು.

ನನ್ನ ಮೈ ಉರಿದುಹೋಯಿತು. ಆದರೂ ದನಿ ಏರಿಸಲಿಲ್ಲ. ಮೌನಿ ತಾನಾಗಿ ಹೋಗಲಿಲ್ಲ, ನಾವು ತಳ್ಳಿದೆವು ಎಂದೆ. ಬಾಗಿಲು ಮುಚ್ಚಿದವರೂ ನಾವು, ಹೊರಗೆ ನಿಂತಿದ್ದಾಳೆ ಎಂದು ಬರೆದುಕೊಂಡವರೂ ನಾವು ಎಂದೆ. ಆಸ್ಪತ್ರೆಯ ಲಿಫ್ಟಿನ ವಿಚಾರವನ್ನೂ ಹೇಳಿದೆ. ಅದು ಯಜಮಾನಿಗೆ ತಲುಪಿಯೇ ಇರಲಿಲ್ಲ. ಆಮೇಲೆ ಒಂದು ಬೇಡಿಕೆ ಇಟ್ಟೆ. ಇಲ್ಲಿ ಕೂತಿರುವ ಮುಖ್ಯಸ್ಥರ ಹೆಸರನ್ನೆಲ್ಲ ಪರದೆಯ ಮೇಲೆ ತೋರಿಸಿ, ನನ್ನದನ್ನು ಮೊದಲು, ಯಾರ ಪಕ್ಕ ಯಾವ ಬಣ್ಣ ಇದೆಯೋ ನೋಡೋಣ.

ಮಾರಿದ ಕಂಪನಿಯವನು ಗಂಟಲು ಸರಿಮಾಡಿಕೊಂಡ. ಮುಖ್ಯಸ್ಥರ ಹೆಸರುಗಳನ್ನು ಅದರಲ್ಲಿ ಸೇರಿಸಿಯೇ ಇಲ್ಲವಂತೆ.

"ಯಾಕೆ?" ಎಂದರು ಯಜಮಾನಿ.

"ಅದು ಸರಿ ಕಾಣಲ್ಲ ಮೇಡಂ. ನಾವು ಜವಾಬ್ದಾರಿ ಇರೋರು" ಎಂದರು ನಾಳೆ ಸಾಹೇಬರು.

ಯಜಮಾನಿ ಪೆನ್ನಿನ ಮುಚ್ಚಳ ಹಾಕಿದರು. ಸೇರಿಸುವುದಾದರೆ ಎಲ್ಲರನ್ನೂ, ತಮ್ಮನ್ನೂ ಸೇರಿಸಿ; ಇಲ್ಲದಿದ್ದರೆ ಯಾರನ್ನೂ ಬೇಡ; ಒಪ್ಪುವವರು ಕೈ ಎತ್ತಿ ಎಂದರು. ನಾಳೆಯ ಜಗತ್ತಿಗೆ ಸಿದ್ಧರಾಗಿದ್ದ ಅಷ್ಟೂ ಮಂದಿ ತಮ್ಮ ತಮ್ಮ ಲೋಟದ ನೀರನ್ನು ಪರೀಕ್ಷಿಸುತ್ತ ಕೂತರು. ಒಂದು ಕೈಯೂ ಮೇಲೇಳಲಿಲ್ಲ. ನನ್ನದೂ ಏಳಲಿಲ್ಲ. ಜೋಯಿಸರನ್ನು ಅವತ್ತೇ ನಿಲ್ಲಿಸಲಾಯಿತು.

ಮೌನಿಯ ಮನೆಗೆ ಹೋಗಿ ಇದನ್ನೆಲ್ಲ ಹೇಳಿ, ವಾಪಸು ಬಾ ಎಂದು ಕರೆದೆ. ಅವಳ ಗಂಡ ಕಾಫಿ ತಂದುಕೊಟ್ಟು, ಕೈಯಲ್ಲಿ ಏನೋ ಹೇಳಿದ. ಆರಾಮಾಗಿ ಕೂತುಕೊಳ್ಳಿ ಎನ್ನುತ್ತಿದ್ದಾರೆ ಎಂದು ಅವಳೇ ತಿಳಿಸಿದಳು. ಅವಳಿಗೆ ನನ್ನ ಮೇಲೆ ಸಿಟ್ಟಿರಲಿಲ್ಲ. ಬರುವುದಿಲ್ಲ ಎಂದಳು, ಅಷ್ಟೆ. ಅವಳ ಕುರ್ಚಿಗೆ ಇನ್ನೂ ಯಾರನ್ನೂ ತೆಗೆದುಕೊಂಡಿಲ್ಲ. ನಾಳೆ ಸಾಹೇಬರು ನನ್ನೊಡನೆ ಮಾತು ಬಿಟ್ಟಿದ್ದಾರೆ. ಮುಂದಿನ ತಿಂಗಳು ಇನ್ನೊಂದು ಸಮ್ಮೇಳನಕ್ಕೆ ಹೊರಟಿದ್ದಾರಂತೆ.

ಹೀಗಿದೆ ನೋಡು ಸಮಾಚಾರ. ಕೊಳ್ಳಬೇಡ ಎಂದು ನಾನು ಹೇಳುವುದಿಲ್ಲ, ನಿನ್ನ ಕಾರ್ಖಾನೆ ನಿನಗೆ ಗೊತ್ತು. ಕೊಳ್ಳುವುದೇ ಆದರೆ ನಿನ್ನ ಹೆಸರನ್ನು ಮೊದಲು ಹಾಕಿಸು. ಆಗಲೂ ಸಹಿ ಹಾಕಲು ಮನಸ್ಸಾದರೆ ಹಾಕು.

ಹೊತ್ತಿಗೆ ಸರಿಯಾಗಿ ಊಟ ಮಾಡು, ಬಿ.ಪಿ. ಮಾತ್ರೆ ಮರೆಯಬೇಡ. ಹೆಂಡತಿಯ ಮೇಲೆ ರೇಗಬೇಡ. ನೀವೆಲ್ಲ ನಗುನಗುತ್ತ ಇರಬೇಕು, ನನಗೆ ಅದೇ ಸಾಕು.

ನಿನ್ನ
ಅಕ್ಕ

ತಾ.ಕ.: ಕಾಗದ ಮಡಚಿಟ್ಟಿದ್ದೆ, ಮತ್ತೆ ಬಿಡಿಸಿದೆ. ಆ ಸಭೆಯ ಒಂದು ವಿಷಯ ಮೇಲೆ ಬರೆಯಲಿಲ್ಲ. ಜೋಯಿಸರ ಕತೆ ಮುಗಿದ ಮೇಲೆ, ಬಂದದ್ದಕ್ಕೆ ಬರಿಗೈಯಲ್ಲಿ ಹೋಗುವುದು ಬೇಡವೆಂದೋ ಏನೋ, ಆ ಮಾರಿದ ಕಂಪನಿಯವನು ತನ್ನ ಇನ್ನೊಂದು ಸರಕು ತೋರಿಸಿದ. ಮುಖ್ಯಸ್ಥರಿಗೆ ಬಿಡುವಿರುವುದಿಲ್ಲವಲ್ಲ, ಅವರ ಪತ್ರಗಳನ್ನು ಅದೇ ಬರೆದುಕೊಡುತ್ತದಂತೆ. ಉದಾಹರಣೆಗೆ ಗಂಡನನ್ನು ಕಳೆದುಕೊಂಡ ಒಬ್ಬ ಹೆಂಗಸಿಗೆ ಸಾಂತ್ವನದ ಪತ್ರ ಬರೆಯಲು ಹೇಳಿದ. ಕಣ್ಣು ಮಿಟುಕಿಸುವಷ್ಟರಲ್ಲಿ ಪರದೆ ತುಂಬಿತು. "ಅವರು ಕೂರುತ್ತಿದ್ದ ಕುರ್ಚಿ ಖಾಲಿಯಾಗಿರಬಹುದು, ಅವರು ತುಂಬಿದ ಮನೆ ಎಂದಿಗೂ ಖಾಲಿಯಾಗದು."

ನಿನ್ನ ಭಾವ ಹೋದಾಗ ನಿನಗೆ ಬರಲು ಆಗಲಿಲ್ಲ, ಪತ್ರ ಕಳಿಸಿದೆ. ಅದರಲ್ಲೂ ಇದೇ ಮಾತು, ಒಂದೆರಡು ಪದ ಆಚೀಚೆ. ಆ ಸಾಲನ್ನು ನಾನು ಎಷ್ಟು ಸಲ ಓದಿದ್ದೇನೋ. ಮಗಳಿಗೂ ಓದಿ ಹೇಳಿದ್ದೆ, ನೋಡು ನಿನ್ನ ಮಾವ ಹೇಗೆ ಬರೆದಿದ್ದಾನೆ ಅಂತ. ನಿನ್ನ ಭಾವ ಕುರ್ಚಿಯಲ್ಲಿ ಕೂತದ್ದನ್ನು ನೀನು ಯಾವಾಗ ನೋಡಿದ್ದೆ? ನಿನ್ನ ಜೊತೆ ಹರಟುವಾಗೆಲ್ಲ ಅವರು ಕೂರುತ್ತಿದ್ದದ್ದು ನೆಲದ ಮೇಲೆ, ಗೋಡೆಗೆ ಒರಗಿ, ಕಾಲು ಚಾಚಿ. ದುಃಖದಲ್ಲಿ ನಿನಗೆ ಮರೆತುಹೋಗಿರಬೇಕು ಎಂದು ಆಗ ಅಂದುಕೊಂಡಿದ್ದೆ.

ನಾನೇ ಏನೋ ಊಹಿಸಿಕೊಂಡು ನಿನ್ನನ್ನು ದೂರುವುದು ಬೇಡ, ನೇರವಾಗಿ ಕೇಳುತ್ತಿದ್ದೇನೆ. ಅದನ್ನು ನೀನೇ ಬರೆದೆಯೇನೋ? ಹೌದಾದರೆ ಅಕ್ಕನಿಗೆ ಬುದ್ಧಿ ಕೆಟ್ಟಿದೆ ಎಂದು ಬೈದು ಬರೆ. ಅಲ್ಲವಾದರೆ ಏನನ್ನೂ ವಿವರಿಸಬೇಡ. ಅವರ ಬಗ್ಗೆ ನಿನಗೆ ನೆನಪಿರುವುದು ಎರಡು ಸಾಲು, ತಪ್ಪೋ ನೆಪ್ಪೋ, ನಿನ್ನ ಕೈಯಿಂದ ಬರೆದು ಕಳಿಸು.